ಬೀಳ್ಕೊಡುಗೆಯ ದಿನದ ಮಾತಿಗೊಂದು ಟಿಪ್ಪಣಿ

ಭಾಷಣ ಕಲಿಸುವ ನನ್ನಂಥವರಿಗೆ ಮೇ ತಿಂಗಳು ಸುಗ್ಗಿ. ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಹುಟ್ಟಿದ್ದು ತಿಂಗಳ ಒಂದನೇ ತಾರೀಕಾದರೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಒಂದು ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಕು ನೆನಪಿಲ್ಲದಿದ್ದರೆ ಮೇಷ್ಟರು ಜೂನ್ 1 ಎಂದು ಬರೆದುಕೊಂಡುಬಿಡುತ್ತಿದ್ದರು. ಹಾಗಾಗಿ ಮೇ 31ರಂದು ರಾಜ್ಯದ ಎಷ್ಟೋ ಶಾಲೆ, ಕಚೇರಿಗಳಲ್ಲಿ ಒಟ್ಟಿಗೇ ಬೀಳ್ಕೊಡುಗೆ. ಜೀವನವಿಡೀ ಪಾಠ ಹೇಳಿದವರೂ ಆ ದಿನ ತಮ್ಮ ಬಗ್ಗೆ ಮಾತನಾಡಬೇಕಾದಾಗ ತಡವರಿಸುತ್ತಾರೆ.

ಅವರು ಬರೆದು ತರುವ ಟಿಪ್ಪಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಹುಟ್ಟಿದ ಊರು, ಓದಿದ ಶಾಲೆ, ಕರ್ತವ್ಯಕ್ಕೆ ಹಾಜರಾದ ದಿನ, ವರ್ಗಾವಣೆ, ಬಡ್ತಿ, ಮತ್ತೆ ವರ್ಗಾವಣೆ. ಅದು ಸೇವಾ ಪುಸ್ತಕದ ನಕಲು. ನಿಮ್ಮ ಸರದಿ ಬರುವ ಹೊತ್ತಿಗೆ ಇವೆಲ್ಲವನ್ನೂ ಪ್ರಾಸ್ತಾವಿಕ ನುಡಿಯಲ್ಲಿ ಒಬ್ಬರು ಹೇಳಿರುತ್ತಾರೆ, ಅಭಿನಂದನಾ ಪತ್ರದಲ್ಲಿ ಇನ್ನೊಬ್ಬರು ಓದಿರುತ್ತಾರೆ. ಒಳಗಿನಿಂದ ಒಗ್ಗರಣೆಯ ವಾಸನೆಯೂ ಬರತೊಡಗಿರುತ್ತದೆ. ಟಿಪ್ಪಣಿಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸಭೆಯಲ್ಲಿ ಕುಳಿತವರಿಗೆ ನನ್ನ ಬಗ್ಗೆ ಇನ್ನೂ ಗೊತ್ತಿಲ್ಲದ್ದು ಏನು?

ನಾನು ಅವರ ಕೈಗೆ ಸಣ್ಣ ಸಣ್ಣ ಚೀಟಿಗಳನ್ನು ಕೊಡುತ್ತೇನೆ. ಚೀಟಿಗೊಂದು ಘಟನೆ ಬರೆಯಬೇಕು, ಇಸವಿಯನ್ನಲ್ಲ. ಪ್ರತಿ ಘಟನೆಯಲ್ಲೂ ಒಂದು ಜಾಗ, ಒಬ್ಬ ವ್ಯಕ್ತಿ, ಕಿವಿಯಲ್ಲಿ ಉಳಿದ ಒಂದು ಮಾತು ಇರಬೇಕು. ‘ಶಿಸ್ತಿನಿಂದ ದುಡಿದೆ’ ಎಂಬುದು ಘಟನೆಯಲ್ಲ; ಆ ಚೀಟಿಯನ್ನು ಹರಿದು ಹಾಕಿಸುತ್ತೇನೆ. ಹತ್ತು ಹನ್ನೆರಡು ಚೀಟಿಗಳಾದ ಮೇಲೆ ಎರಡನ್ನೋ ಮೂರನ್ನೋ ಇಟ್ಟುಕೊಂಡು ಉಳಿದವನ್ನು ಬಿಡಬೇಕು. ಬಿಡುವುದೇ ಕಷ್ಟ. ಆದರೆ ಸಮಯದ ಲೆಕ್ಕವನ್ನೂ ನೋಡಬೇಕಲ್ಲ. ವೇದಿಕೆಯ ಮೇಲೆ ನಿಧಾನವಾಗಿ ಕನ್ನಡ ಮಾತನಾಡುವವರಿಗೆ ನಿಮಿಷಕ್ಕೆ ನೂರು ಪದ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಆರು ನಿಮಿಷಕ್ಕೆ ಆರು ನೂರು ಪದ. ಮೂವತ್ತು ವರ್ಷಗಳ ನೌಕರಿಯನ್ನು ಅಷ್ಟರಲ್ಲಿ ಹಿಡಿಯಲಾಗದು, ಹಿಡಿಯಬೇಕಾಗಿಯೂ ಇಲ್ಲ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಈಗ ಬೆಂಗಳೂರಿನಲ್ಲೂ ಅನೇಕ ಕ್ಲಬ್‌ಗಳಿರುವ, ಭಾಷಣ ಕಲಿಯುವವರ ಸಂಸ್ಥೆ ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಹೊಸ ಸದಸ್ಯರ ಮೊದಲ ಭಾಷಣ ತಮ್ಮ ಕುರಿತೇ ಇರುತ್ತದೆ. ಅದಕ್ಕೆ ಕೊಡುವ ಸಮಯವೂ ನಾಲ್ಕರಿಂದ ಆರು ನಿಮಿಷ.

ಕಲ್ಯಾಣ ಕರ್ನಾಟಕದ ಒಬ್ಬ ಮುಖ್ಯ ಶಿಕ್ಷಕಿಯ ಚೀಟಿಗಳು ನನಗೆ ಚೆನ್ನಾಗಿ ನೆನಪಿವೆ. ಪ್ರಶಸ್ತಿ, ಶಾಲೆಗೆ ಕಟ್ಟಿಸಿದ ಕಾಂಪೌಂಡು, ಜನಗಣತಿ, ಚುನಾವಣಾ ಕೆಲಸ ಎಲ್ಲವೂ ಇದ್ದವು. ಅವುಗಳ ನಡುವೆ ಒಂದು ಚೀಟಿ: ಮೊದಲ ಊರಿನಲ್ಲಿ ಗುಳೆ ಹೋದವರ ಮಕ್ಕಳನ್ನು ಹುಡುಕಿಕೊಂಡು ಹೋದಾಗ, ಮನೆಯಲ್ಲಿ ಉಳಿದಿದ್ದ ಅಜ್ಜಿ, ‘ಇವನನ್ನು ನಿಮ್ಮ ಜೊತೆ ಕಳಿಸಿದರೆ ಮಧ್ಯಾಹ್ನ ಉಣ್ಣಲಿಕ್ಕೆ ಯಾರು ಹಾಕುತ್ತಾರೆ?’ ಎಂದು ಕೇಳಿದ್ದಳು. ಆಗಿನ್ನೂ ಶಾಲೆಯಲ್ಲಿ ಬಿಸಿಯೂಟ ಕೊಡುವ ಅಕ್ಷರ ದಾಸೋಹ ಬಂದಿರಲಿಲ್ಲ. ಅದು ಆ ಭಾಗದ ಜಿಲ್ಲೆಗಳಲ್ಲಿ ಆರಂಭವಾದದ್ದು 2002ರಲ್ಲಿ. ಇನ್ನೊಂದು ಚೀಟಿಯಲ್ಲಿ, ಊಟ ಶುರುವಾದ ಮೇಲೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ತರಗತಿಗೆ ಬರುತ್ತಿದ್ದ ಹುಡುಗಿ. ಆ ಮಗುವನ್ನು ಇವರು ಮೇಜಿನ ಪಕ್ಕ ಕೂರಿಸಿಕೊಂಡು ಪಾಠ ಮಾಡುತ್ತಿದ್ದರಂತೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅವರ ಸೇವೆಯ ಎಳೆ ತಾನಾಗಿ ಕಾಣಿಸಿತು. ಶಾಲೆಗೆ ಬಾರದ ಮಗು ಯಾಕೆ ಬರುತ್ತಿಲ್ಲ ಎಂದು ಹುಡುಕಿಕೊಂಡು ಹೋಗುವುದೇ ಅವರು ಮಾಡುತ್ತಾ ಬಂದ ಕೆಲಸವಾಗಿತ್ತು. ಆ ವಾಕ್ಯವನ್ನು ಟಿಪ್ಪಣಿಯ ತಲೆಯಲ್ಲಿ ಬರೆದುಕೊಳ್ಳಿ, ಸಭೆಯಲ್ಲಿ ಮಾತ್ರ ಹೇಳಬೇಡಿ ಎಂದೆ. ಕೇಳುವವರು ತಾವೇ ಕಂಡುಕೊಂಡರೆ ಅದು ಆತ್ಮಪ್ರಶಂಸೆಯಾಗುವುದಿಲ್ಲ.

ಕಾಂಪೌಂಡು ಬಿಟ್ಟಿದ್ದಕ್ಕೆ ಅವರಿಗೆ ಕೊನೆಯವರೆಗೂ ಬೇಸರವಿತ್ತು.

ಇನ್ನು ಕಣ್ಣೀರಿನ ವಿಚಾರ. ಗಂಟಲು ಕಟ್ಟುವುದು ನಾಚಿಕೆಪಡುವ ಸಂಗತಿಯಲ್ಲ, ಆದರೆ ಎಲ್ಲಿ ಕಟ್ಟುತ್ತದೆ ಎಂದು ಮೊದಲೇ ತಿಳಿದಿರಬೇಕು. ಮನೆಯಲ್ಲಿ ಗಟ್ಟಿಯಾಗಿ ಎರಡು ಸಲ ಹೇಳಿಕೊಂಡರೆ ಆ ಜಾಗ ಗೊತ್ತಾಗುತ್ತದೆ, ಹೆಚ್ಚಾಗಿ ತೀರಿಹೋದವರ ಹೆಸರು ಬರುವಲ್ಲಿ. ಅಂಥ ಘಟನೆಯನ್ನು ಮೊದಲಿಗೇ ಇಟ್ಟರೆ ಮುಂದೆ ಮಾತೇ ಹೊರಡುವುದಿಲ್ಲ. ಅದು ಮಧ್ಯ ದಾಟಿದ ಮೇಲೆ ಬರಲಿ. ಅದರ ಬೆನ್ನಿಗೇ ಬರುವ ವಾಕ್ಯ ತೀರಾ ಸಾದಾ ಇರಬೇಕು: ‘ಆಗ ಶಾಲೆಗೆ ಇದ್ದದ್ದು ಎರಡೇ ಕೋಣೆ’ ಎಂಬಂಥದ್ದು. ಭಾವನೆಯಿಲ್ಲದ ಒಂದು ವಿವರ ಬಾಯಿಗೆ ಬಂದರೆ ಉಸಿರು ಹಿಂತಿರುಗುತ್ತದೆ. ಟಿಪ್ಪಣಿಯ ಮಧ್ಯಭಾಗವನ್ನು ಬಿಡಿ ಪದಗಳಲ್ಲಿ ಬರೆದರೂ ಈ ವಾಕ್ಯವನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಮೊದಲ ವಾಕ್ಯ, ಕೊನೆಯ ವಾಕ್ಯಗಳೂ ಪೂರ್ತಿ ಇರಲಿ.

ವಚನವೋ ಸುಭಾಷಿತವೋ ಹೇಳಿ ಶುರುಮಾಡುವ ಚಟ ನಮ್ಮಲ್ಲಿ ವಿಪರೀತ. ನಿಮಗಿಂತ ಮೊದಲು ಮಾತನಾಡಿದವರಲ್ಲಿ ಯಾರೋ ಅದನ್ನೇ ಹೇಳಿರುವ ಸಾಧ್ಯತೆಯೂ ಇದೆ. ಸಿಗದ ಬಡ್ತಿಯ, ಕಿರುಕುಳ ಕೊಟ್ಟ ಮೇಲಧಿಕಾರಿಯ ಪ್ರಸ್ತಾಪವೂ ಬೇಡ. ನ್ಯಾಯ ನಿಮ್ಮ ಕಡೆಯೇ ಇದ್ದರೂ ಆ ದಿನ ಅದು ಹೊಟ್ಟೆಕಿಚ್ಚಿನಂತೆ ಕೇಳಿಸುತ್ತದೆ.

ಭಾಷಣ ಹಳಿ ತಪ್ಪುವುದು ಕೃತಜ್ಞತೆಯಲ್ಲಿ. ನೆನಪಾದಂತೆ ಹೆಸರು ಹೇಳುತ್ತಾ ಹೋದರೆ ಬಿಟ್ಟುಹೋಗುವುದು ಎದುರಿಗೇ ಕುಳಿತವರ ಹೆಸರು. ಬಿಸಿಯೂಟದ ಅಡುಗೆಯವರು, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಲೆಕ್ಕ ಬರೆಯಲು ನೆರವಾದ ಸಹೋದ್ಯೋಗಿ, ಯಾರೇ ಇರಲಿ, ಟಿಪ್ಪಣಿ ಬರೆದ ಕಾರ್ಡಿನ ಹಿಂಬದಿಯಲ್ಲಿ ಹೆಸರುಗಳನ್ನು ಬರೆದುಕೊಂಡು ಅದನ್ನು ನೋಡಿಯೇ ಓದಿ. ನೋಡಿ ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮನೆಯವರಿಗೆ ಮಾತ್ರ ಬರೀ ‘ಸಹಕರಿಸಿದರು’ ಎನ್ನಬೇಡಿ. ಚುನಾವಣಾ ಕೆಲಸದ ರಾತ್ರಿ ಮಕ್ಕಳನ್ನು ನೋಡಿಕೊಂಡವರು ಯಾರು ಎಂಬಷ್ಟಾದರೂ ಹೇಳಿ.

ಕಾರ್ಡು ಅಂಚೆ ಕಾರ್ಡಿನಷ್ಟಿರಲಿ, ಅಕ್ಷರ ದಪ್ಪವಾಗಿರಲಿ. ಮೈಕಿನ ಮುಂದೆ ನಿಲ್ಲುವ ಮೊದಲು ಹಾರ, ಶಾಲು ತೆಗೆದಿಡಿ, ಕನ್ನಡಕ ಹಾಕಿಕೊಳ್ಳಿ. ಇನ್ನೊಂದು ಪ್ರತಿ ನಿರೂಪಕರ ಬಳಿ ಇರಲಿ. ಸನ್ಮಾನದ ಗದ್ದಲದಲ್ಲಿ ಫಲತಾಂಬೂಲದ ಚೀಲದ ಜೊತೆ ಟಿಪ್ಪಣಿಯೂ ಕಾರು ಸೇರಿಬಿಡುವುದು ಅಪರೂಪವೇನಲ್ಲ.