ಕೊಡಗಿನ ಮಳೆಗೂ ಕರೆಂಟಿಗೂ ಹೊಂದುವ ಗೇಮಿಂಗ್ ಪಿಸಿ

ಎಂಬತ್ತು ಸಾವಿರದ ಆಸುಪಾಸಿನಲ್ಲಿ ಗೇಮಿಂಗ್ ಪಿಸಿ ಜೋಡಿಸಬೇಕೆಂದರೆ ಯೂಟ್ಯೂಬಿನಲ್ಲಿ ಬಿಡಿಭಾಗಗಳ ಪಟ್ಟಿಗೆ ಬರವಿಲ್ಲ. ಆದರೆ ಆ ಪಟ್ಟಿಗಳನ್ನು ಮಾಡಿದವರು ಬೆಂಗಳೂರಿನ ಫ್ಲ್ಯಾಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಅಲ್ಲಿ ಅರ್ಥಿಂಗ್ ಸರಿಯಿರುತ್ತದೆ, ಮದರ್‌ಬೋರ್ಡ್ ಕೆಟ್ಟರೆ ಸಂಜೆಯೊಳಗೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಬರಬಹುದು. ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯಲ್ಲೋ ಶಾಂತಳ್ಳಿಯಲ್ಲೋ ಕೂತವರಿಗೆ ಬೇಕಾಗುವ ಬಿಡಿಭಾಗಗಳು ಅವೇ. ಆದರೆ ದುಡ್ಡು ಹಂಚುವ ಕ್ರಮ ಬೇರೆ. ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡಿ ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಗೆ ಒಗ್ಗಿಸಿ ಕೊಡುವ ಪೆಟ್ಟಿಗೆ) ತರುವ ರೂಢಿ ಇಲ್ಲಿ ದುಬಾರಿಯಾಗುತ್ತದೆ. ಗೋಡೆಯ ಸಾಕೆಟ್‌ನಿಂದ ಒಳಮುಖವಾಗಿ ಲೆಕ್ಕ ಹಾಕುತ್ತಾ ಬನ್ನಿ.

ಮೊದಲನೆಯದು ಅರ್ಥಿಂಗ್. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಸ್ಕ್ರೂಗೆ ಕೈ ತಾಗಿದರೆ ಜುಮ್ಮೆನ್ನುತ್ತದೆ ಎಂದು ಹಲವರು ಹೇಳುತ್ತಾರೆ, ಎಸ್‌ಎಂಪಿಎಸ್ ಕೆಟ್ಟಿದೆಯೆಂದು ಬದಲಾಯಿಸಿಯೂ ಬಿಡುತ್ತಾರೆ. ಹೊಸದರಲ್ಲೂ ಅದೇ ಜುಮ್ಮು. ಕಾರಣ ಸರಳ. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲೇ ವಿದ್ಯುತ್ ಗದ್ದಲವನ್ನು ಸೋಸುವ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಒಂದು ಫೇಸ್‌ನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಅರ್ಥ್ ತಂತಿ ಇದ್ದರೆ ಅಲ್ಲಿ ಸೇರುವ ಅಲ್ಪ ಕರೆಂಟು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಪೂರ್ತಿ 115 ವೋಲ್ಟ್‌ನ ಸುತ್ತಮುತ್ತ ತೇಲುತ್ತಿರುತ್ತದೆ. ಆ ಕರೆಂಟು ಬಹಳ ಕಡಿಮೆ. ಆದರೆ ಅದೇ ಹೊತ್ತಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟ್ ಸುಡಲು ಅಷ್ಟು ಸಾಕಾಗಬಹುದು.

ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಇಡಿಸಿ ಮೂರು ಅಳತೆ ತೆಗೆಸಿ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್‌ನ ಹತ್ತಿರ, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ 3 ವೋಲ್ಟ್‌ಗಿಂತ ಕಡಿಮೆ ಇರಬೇಕು. ಫೇಸ್-ಅರ್ಥ್ ಅಳತೆ ತೂರಾಡುತ್ತಿದ್ದರೆ ಸಾಕೆಟ್‌ನ ಮೂರನೇ ತೂತು ಬರೀ ಅಲಂಕಾರಕ್ಕಿದೆ ಎಂದರ್ಥ. ಹಳೆಯ ಹಂಚಿನ ಮನೆಗಳಲ್ಲಿ ಇದು ಮಾಮೂಲು. ಅರ್ಥ್ ತಂತಿ ಇಳಿಯುವ ಗುಂಡಿ, ಅಂದರೆ ಪಿಟ್ ಇದ್ದರೂ ಕಷ್ಟವೊಂದಿದೆ: ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ನೆಲ ನೆನೆದು ಅರ್ಥಿಂಗ್ ಚೆನ್ನಾಗಿರುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಮಣ್ಣು ಒಣಗಿ ಸೊರಗುತ್ತದೆ. ಸಿಡಿಲು ಬಡಿಯುವುದು ಆಗಲೇ. ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯುವ ದಿನಗಳಲ್ಲಿ ಪಿಟ್‌ಗೆ ಎರಡು ಕೊಡ ನೀರು ಹೊಯ್ಯಿಸುವುದು ಐದು ಸಾವಿರದ ಸರ್ಜ್ ಪ್ರೊಟೆಕ್ಟರ್‌ಗಿಂತ ಮುಖ್ಯ. ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ಆ ಪ್ರೊಟೆಕ್ಟರ್ ಪೂರ್ತಿ ಕೆಲಸ ಮಾಡುವುದಿಲ್ಲ. ಹೆಚ್ಚಿನ ವೋಲ್ಟೇಜನ್ನು ಇಳಿಸಲು ಅದಕ್ಕೆ ನೆಲವೇ ಸಿಗುವುದಿಲ್ಲ. ಏನೇ ಇರಲಿ, ಗುಡುಗು ಹತ್ತಿರವಾದರೆ ಪ್ಲಗ್ ಕಿತ್ತಿಡುವುದೇ ಸರಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್‌ನೊಳಗಿನ ಮೂರ್ನಾಲ್ಕು ಮಿಲಿಮೀಟರ್ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ.

ಪ್ಲಗ್ ಕಿತ್ತವರೂ ಲ್ಯಾನ್ ಕೇಬಲ್ ಮರೆಯುತ್ತಾರೆ. ಮನೆಗೆ ಬರುವ ಫೈಬರ್ ಗಾಜಿನ ಎಳೆ, ಅದು ಕರೆಂಟು ಒಯ್ಯುವುದಿಲ್ಲ. ಆದರೆ ಫೈಬರ್ ಮೋಡೆಮ್‌ನ ಅಡಾಪ್ಟರ್ ಇನ್ನೊಂದು ಸಾಕೆಟ್‌ನಲ್ಲಿ ಕೂತಿರುತ್ತದೆ. ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡ್‌ಗೆ ದಾರಿ ನೇರ. ಗೇಮಿಂಗ್‌ಗೆ ಕೇಬಲ್ಲೇ ಒಳ್ಳೆಯದು ಎಂಬ ಮಾತು ನಿಜವೇ. ಆದರೂ ಇಲ್ಲಿ ವೈಫೈ ಇರುವ ಮದರ್‌ಬೋರ್ಡಿಗೆ ಒಂದೆರಡು ಸಾವಿರ ಹೆಚ್ಚು ಕೊಡಿ ಎನ್ನುತ್ತೇನೆ. ಪಿಂಗ್ (ಗೇಮ್ ಸರ್ವರಿಗೆ ಹೋಗಿ ಬರುವ ಸಮಯ) ಕೆಲವು ಮಿಲಿಸೆಕೆಂಡ್ ಏರಿದರೂ ಎರಡು ಸಾಕೆಟ್‌ಗಳ ನಡುವೆ ತಾಮ್ರದ ಸೇತುವೆ ಇರುವುದಿಲ್ಲ.

ಇನ್ನು ಎಸ್‌ಎಂಪಿಎಸ್. ನಾವು ಮಾತಾಡುತ್ತಿರುವ ಮಟ್ಟದ ಪಿಸಿಗೆ 750 ವ್ಯಾಟ್ ಬೇಡವೇ ಬೇಡ. ರೈಜನ್ 5 7600 ಪ್ರೊಸೆಸರ್ ಗೇಮ್ ಆಡುವಾಗ 60ರಿಂದ 70 ವ್ಯಾಟ್ ಎಳೆಯುತ್ತದೆ, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್ ಹೆಚ್ಚೆಂದರೆ 145, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಇನ್ನೊಂದು 50. ನಷ್ಟವನ್ನೂ ಮಾನಿಟರನ್ನೂ ಸೇರಿಸಿದರೆ ಗೋಡೆಯಿಂದ 320 ವ್ಯಾಟ್‌ನ ಆಸುಪಾಸು. ಒಳ್ಳೆಯ 550 ವ್ಯಾಟ್‌ನದು ಧಾರಾಳ. ಮುಂದೆ ಕಾರ್ಡ್ ಬದಲಿಸುವ ಆಸೆಯಿದ್ದರೆ 650. ಉಳಿದ ದುಡ್ಡನ್ನು ಗುಣಮಟ್ಟಕ್ಕೆ ಹಾಕಿ. 80 ಪ್ಲಸ್ ಬ್ರಾಂಝ್ ಎಂಬ ಮುದ್ರೆ ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಬಾಳಿಕೆಯನ್ನಲ್ಲ. ಪೆಟ್ಟಿಗೆಯ ಬದಿಯ ಚೀಟಿ ಓದಿ. ಇನ್‌ಪುಟ್ 100-240 ವೋಲ್ಟ್ ಎಂದಿರಬೇಕು. ಬರೀ 200-240 ಎಂದಿದ್ದರೆ ಅದು ಇಲ್ಲಿಗಲ್ಲ. ಸಂಜೆ ಏಳಕ್ಕೆ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ 170ಕ್ಕಿಳಿದಾಗ ಬಲ್ಬ್ ಡಿಮ್ಮಾಗುತ್ತದೆ, ಇಂಥ ಎಸ್‌ಎಂಪಿಎಸ್ ಗೇಮ್ ನಡುವೆಯೇ ಪಿಸಿಯನ್ನು ರೀಸ್ಟಾರ್ಟ್ ಮಾಡುತ್ತದೆ. ಆಗ ಎಲ್ಲರೂ ಬೈಯುವುದು ವಿಂಡೋಸನ್ನು. ಐದು ವರ್ಷದ ವಾರಂಟಿ ಇರುವುದನ್ನೇ ಹುಡುಕಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡ.

ಯುಪಿಎಸ್ ವಿಚಾರದಲ್ಲಿ ಅಂಗಡಿಯವರು ಹೇಳುವ 600 ವಿಎ ಎಂದರೆ 360 ವ್ಯಾಟ್ ಮಾತ್ರ. ನಮ್ಮ 320ಕ್ಕೆ ಅದು ಅಂಚಿನಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ಅಗ್ಗದ ಯುಪಿಎಸ್ ಬ್ಯಾಟರಿಗೆ ಹೋದಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಚೌಕದ ಅಲೆ. ಅಲೆಯ ನಡುನಡುವೆ ವೋಲ್ಟೇಜ್ ಸೊನ್ನೆಯಾಗಿ ನಿಲ್ಲುತ್ತದೆ, ಮರಳಿ ಏರಿದ ಕ್ಷಣದಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಯ ಆಕಾರಕ್ಕೆ ತಕ್ಕಂತೆ ಎಳೆಯುವ ಏರ್ಪಾಡು) ಇರುವ ಎಸ್‌ಎಂಪಿಎಸ್ ಒಮ್ಮೆಗೇ ಜಗ್ಗುತ್ತದೆ. ಯುಪಿಎಸ್ ಓವರ್‌ಲೋಡ್ ಎಂದು ಕೀಂಯ್‌ಗುಟ್ಟಿ ಆರಿಹೋಗುತ್ತದೆ. ಡೆಸ್ಕ್‌ಟಾಪಿನಲ್ಲಿ ಸುಮ್ಮನಿದ್ದಾಗ ಸರಿಯಾಗಿದ್ದು ಗೇಮ್ ಆಡುವಾಗ ಮಾತ್ರ ಕೈಕೊಡುವ ಯುಪಿಎಸ್‌ನ ಗುಟ್ಟು ಇದು. ಎರಡು ಬ್ಯಾಟರಿ ಇರುವ 1000 ಅಥವಾ 1100 ವಿಎ ಲೈನ್ ಇಂಟರಾಕ್ಟಿವ್ (ವೋಲ್ಟೇಜ್ ಏರಿಳಿತವನ್ನು ತಾನೇ ಸರಿಪಡಿಸುವ) ಯುಪಿಎಸ್ ತೆಗೆದುಕೊಳ್ಳಿ. ಒಂದೇ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಈ ಲೋಡ್‌ಗೆ ನಾಲ್ಕೈದು ನಿಮಿಷ ಬಂದರೆ ಹೆಚ್ಚು.

ಮನೆಗೆ ಮೆಟ್ಟಿಲಿಲ್ಲದ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಮೊದಲೇ ಇದ್ದರೆ, ಅದರ ಸಾಮರ್ಥ್ಯ ಸಾಕಷ್ಟಿದ್ದರೆ, ಬೇರೆ ಯುಪಿಎಸ್ ಇಲ್ಲದೆಯೂ ನಡೆಯುತ್ತದೆ. ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಆ ಮೋಡ್‌ನಲ್ಲಿ ಕರೆಂಟು ಹೋದಾಗ ಬದಲಾಗಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ, ಒಳ್ಳೆಯ ಎಸ್‌ಎಂಪಿಎಸ್ 16 ಮಿಲಿಸೆಕೆಂಡ್‌ನಷ್ಟು ಉಸಿರು ಬಿಗಿಹಿಡಿಯಬಲ್ಲದು. ಇನ್ನೊಂದು ಮೋಡ್‌ನಲ್ಲಿ ಅಷ್ಟರೊಳಗೆ ಬದಲಾಗುವುದಿಲ್ಲ, ಪಿಸಿ ಆರುತ್ತದೆ. ತೋಟದ ಮನೆಯ ಚಿಕ್ಕ ಜನರೇಟರ್ ಮಾತ್ರ ಬೇರೆ ತಲೆನೋವು. ಲೋಡ್ ಏರಿಳಿದ ಹಾಗೆ ಅದರ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಆಚೀಚೆ ಹೋಗುತ್ತದೆ, ಯುಪಿಎಸ್ ಅದನ್ನು ಒಪ್ಪದೆ ಪದೇ ಪದೇ ಬ್ಯಾಟರಿಗೆ ಹಾರಿ ಕೊನೆಗೆ ಬ್ಯಾಟರಿ ಬರಿದಾಗುತ್ತದೆ. ಜನರೇಟರ್ ಓಡುವಾಗ ಗೇಮ್ ಬೇಡ.

ಈಗ ಗೇಮಿಂಗ್ ಭಾಗ. ಕ್ಯಾಬಿನೆಟ್ಟಿನೊಳಗಿನ ವೆಚ್ಚದಲ್ಲಿ ಶೇಕಡಾ 35ರಿಂದ 40 ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. 1080ಪಿ ಮಾನಿಟರಿಗೆ 8 ಜಿಬಿಯ ಆರ್‌ಟಿಎಕ್ಸ್ 5060 ಅಥವಾ ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ ಸಾಕು. ಆದರೆ ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಅಲ್ಟ್ರಾಗೆ ಏರಿಸಿದರೆ 8 ಜಿಬಿ ತುಂಬಿ ಹೆಚ್ಚಾದದ್ದು ಮದರ್‌ಬೋರ್ಡಿನ ರ‍್ಯಾಮ್‌ಗೆ ಹರಿಯುತ್ತದೆ, ಆಟ ತಡವರಿಸುತ್ತದೆ. ಬೆಲೆ ವ್ಯತ್ಯಾಸ ತಾಳಿಕೊಳ್ಳುವಂತಿದ್ದರೆ 9060 ಎಕ್ಸ್‌ಟಿಯ 16 ಜಿಬಿ ಆವೃತ್ತಿಯೇ ನನ್ನ ಆಯ್ಕೆ. ಆಗದಿದ್ದರೆ 8 ಜಿಬಿ ತಂದು ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿ, ಕಣ್ಣಿಗೆ ಅಷ್ಟೇನೂ ಗೊತ್ತಾಗದು. 5060ಕ್ಕೆ ಬೋರ್ಡಿನೊಡನೆ ಮಾತಾಡಲು ಎಂಟೇ ಲೇನ್‌ಗಳು, ಅಂದರೆ ಡೇಟಾ ಹರಿಯುವ ದಾರಿಗಳು. ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ತಲೆಮಾರಿನದಾದ ಬೋರ್ಡಿನಲ್ಲಿ ಕೂರಿಸಿದರೆ ಆ ಹರಿವು ಇನ್ನೂ ಕಿರಿದಾಗುತ್ತದೆ. ಎ520 ಬೋರ್ಡ್, ರೈಜನ್ 5500, 5600ಜಿ ಇವುಗಳಲ್ಲಿ ಯಾವುದಿದ್ದರೂ ಈ ತೊಡಕು ಉಂಟು. ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನಲ್ಲೇ ಉಳಿಯುವುದಾದರೆ ಬಿ550 ಬೋರ್ಡಿನ ಮೇಲೆ ಸಾದಾ ರೈಜನ್ 5600.

ಪ್ರೊಸೆಸರ್ ವಿಷಯದಲ್ಲಿ ಊರಿನ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ 12400ಎಫ್, ರೈಜನ್ 7500ಎಫ್ ಇವು ಸ್ವಲ್ಪ ಅಗ್ಗ, ಗೇಮಿಂಗಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಅವುಗಳೊಳಗೆ ಡಿಸ್‌ಪ್ಲೇ ಕೊಡುವ ಭಾಗವಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರುವಷ್ಟು ದಿನ ಇಡೀ ಪಿಸಿ ಸತ್ತಂತೆ. ಅದಕ್ಕಿಂತ ಹೆಚ್ಚಾಗಿ, ಪರದೆ ಕಪ್ಪಾದಾಗ ತಪ್ಪು ಕಾರ್ಡಿನದೋ ಬೋರ್ಡಿನದೋ ಎಂದು ಮನೆಯಲ್ಲೇ ಪತ್ತೆ ಹಚ್ಚಲು ದಾರಿಯೇ ಇರುವುದಿಲ್ಲ. 7600 ಅಥವಾ ಸಾದಾ 12400 ಇದ್ದರೆ ಕಾರ್ಡ್ ಬಿಚ್ಚಿ ಕೇಬಲನ್ನು ಬೋರ್ಡಿಗೆ ಚುಚ್ಚಿ ನೋಡಿದರಾಯಿತು. ನಗರದವರಿಗೆ ಎಫ್ ಲಾಭ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್.

ಕೂಲರ್‌ಗೆ ದುಡ್ಡು ಸುರಿಯಬೇಡಿ. 7600 ಜೊತೆ ಪೆಟ್ಟಿಗೆಯಲ್ಲೇ ಬರುವ ಪುಟ್ಟ ಕೂಲರ್ 65 ವ್ಯಾಟ್‌ನ ಚಿಪ್ಪಿಗೆ ನಮ್ಮ ಹವೆಯಲ್ಲಿ ಸಾಕು. ಮಡಿಕೇರಿ ಸಾವಿರದ ನೂರು ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ಸಮುದ್ರಮಟ್ಟಕ್ಕಿಂತ ಹತ್ತನೇ ಒಂದು ಪಾಲಿನಷ್ಟು ತೆಳು, ಹಾಗಾಗಿ ಫ್ಯಾನ್ ಒಯ್ಯುವ ಬಿಸಿಯೂ ಅಷ್ಟು ಕಡಿಮೆ. ಕೋಣೆಯ ತಂಪು ಅದನ್ನು ಸರಿದೂಗಿಸಿ ಮೇಲೆ ಉಳಿಯುತ್ತದೆ. ವಾಟರ್ ಕೂಲರ್ ಇಲ್ಲಿ ಶೋಕಿ.

ರ‍್ಯಾಮ್ ಎರಡು ಕಡ್ಡಿಯಾಗಿರಲಿ, ಒಂದೇ ದೊಡ್ಡ ಕಡ್ಡಿ ಬೇಡ. ಹಳೆಯ ತಲೆಮಾರಿನ ಡಿಡಿಆರ್4 ಆದರೆ 3200ರ ವೇಗದ 8 ಜಿಬಿ ಎರಡು, ಡಿಡಿಆರ್5 ಆದರೆ 6000 ವೇಗದ 16 ಜಿಬಿ ಎರಡು. 2025ರ ಕೊನೆಗೆ ರ‍್ಯಾಮ್ ಬೆಲೆ ಜಿಗಿದ ಮೇಲೆ ಡಿಡಿಆರ್5 ಎರಡು 8 ಜಿಬಿಗೆ ಇಳಿದರೂ ತಪ್ಪಿಲ್ಲ. ಎಸ್‌ಎಸ್‌ಡಿಯಲ್ಲಿ ಮಾತ್ರ ಕಂಜೂಸುತನ ಬೇಡ, ಬೋರ್ಡಿನ ಮೇಲೇ ಕೂರುವ ವೇಗದ ಬಗೆ, 1 ಟಿಬಿ ಎನ್‌ವಿಎಂಇ ಇರಲಿ. ನೂರು ಜಿಬಿಯ ಗೇಮ್ ಇಳಿಸಲು 20 ಎಂಬಿಪಿಎಸ್ ಲೈನಿನಲ್ಲಿ ಹನ್ನೊಂದು ಗಂಟೆ ಬೇಕು, ಅದೂ ಎಲ್ಲೂ ಮರ ಬಿದ್ದು ಫೈಬರ್ ತುಂಡಾಗದಿದ್ದರೆ. ಜಾಗ ಸಾಲದೆ ಅಳಿಸಿ ಮತ್ತೆ ಇಳಿಸುವ ಆಟ ಇಲ್ಲಿ ಆಗದು.

ತೇವದ ಬಗ್ಗೆ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. ಮಳೆಗಾಲದಲ್ಲಿ ಪಿಸಿಗೆ ಬಟ್ಟೆ ಹೊದೆಸಿ ಮೂಲೆಗಿಡುವುದೇ ಕೆಟ್ಟ ಉಪಾಯ. ಓಡುತ್ತಿರುವ ಪಿಸಿಯ ಒಳಗಿನ ಗಾಳಿ ಕೋಣೆಗಿಂತ ಬೆಚ್ಚಗಿರುತ್ತದೆ, ಹಾಗಾಗಿ ಒಣಗಿರುತ್ತದೆ. ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಆನ್ ಇಟ್ಟರೂ ಬೂಸಲು ಹತ್ತಿರ ಸುಳಿಯದು. ತೂತು ತೂತಾದ ಕ್ಯಾಬಿನೆಟ್ಟಿನಲ್ಲಿ ಸಿಲಿಕಾ ಜೆಲ್ ಚೀಟಿ ಹಾಕಿದರೆ ಅದು ಇಡೀ ಕೋಣೆಯ ತೇವ ಕುಡಿದು ಮಾರನೇ ದಿನಕ್ಕೆ ಸುಸ್ತಾಗುತ್ತದೆ. ಕೆಡುಕು ಮಾಡುವುದು ನೀರಾವಿಯೊಂದೇ ಅಲ್ಲ, ಧೂಳಿನ ಜೊತೆ ಸೇರಿದ ನೀರಾವಿ. ಒಣ ಧೂಳು ಕರೆಂಟು ಒಯ್ಯುವುದಿಲ್ಲ, ಹಸಿಯಾದರೆ ಒಯ್ಯುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮುಂಚೆ, ಬಿಚ್ಚಿ ಧೂಳು ತೆಗೆಯಿರಿ. ಮುಂದೆ ಜಾಲರಿ ಮತ್ತು ಫಿಲ್ಟರ್ ಇರುವ ಕ್ಯಾಬಿನೆಟ್, ಗಾಳಿ ಒಳಗೆಳೆಯಲು ಎರಡು ಫ್ಯಾನ್, ಹೊರದಬ್ಬಲು ಒಂದು. ಒಳಗೆ ಒತ್ತಡ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗದು. ಹಿಂದಿನ ಖಾಲಿ ಸ್ಲಾಟಿನ ಮುಚ್ಚಳ ಕಳೆದಿದ್ದರೆ ತಪ್ಪದೆ ಮುಚ್ಚಿ. ಹಲ್ಲಿ ಬೆಚ್ಚನೆಯ ಜಾಗ ಹುಡುಕಿ ಒಳಸೇರುವುದು ಅಲ್ಲಿಂದಲೇ, ಎಸ್‌ಎಂಪಿಎಸ್‌ನೊಳಗೆ ಅದು ಸತ್ತರೆ ಎರಡೂ ಹೋದಂತೆ. ಕ್ಯಾಬಿನೆಟ್ಟನ್ನು ನೆಲದಿಂದ ಒಂದಡಿ ಎತ್ತರಿಸಿ, ಮಳೆ ಬಡಿಯುವ ಹೊರಗೋಡೆಯಿಂದ ದೂರವಿಡಿ.

ಜೋಡಿಸುವಾಗ ಜುಲೈನಲ್ಲಿ ಬಂದ ಪಾರ್ಸಲನ್ನು ಕೂಡಲೇ ಒಡೆಯಬೇಡಿ. ತಣ್ಣಗಿನ ಬೋರ್ಡನ್ನು ಜನ ತುಂಬಿದ ಬೆಚ್ಚನೆಯ ಕೋಣೆಯಲ್ಲಿ ತೆರೆದರೆ ಅದರ ಮೇಲೆ ಪಸೆ ಕೂರುತ್ತದೆ. ನಾಲ್ಕೈದು ಗಂಟೆ ಮುಚ್ಚಿದ ಪೆಟ್ಟಿಗೆಯಲ್ಲೇ ಇರಲಿ. ಒಡೆಯುವುದನ್ನು ಒಂದೇ ಸಲಕ್ಕೆ, ತಡೆಯಿಲ್ಲದೆ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಕಾಣಲಿ, 7600 ಕೂರುವ ಎಎಂ5 ಬೋರ್ಡಾದರೆ ಪ್ರೊಸೆಸರ್ ಸಾಕೆಟ್ಟಿನ ಪಿನ್ನುಗಳೂ ಹತ್ತಿರದಿಂದ ಕಾಣಲಿ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದು ಕಷ್ಟ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಮಾನಿಟರ್ ಕೇಬಲ್ ಕೊನೆಗೆ ಕಾರ್ಡಿನ ಪೋರ್ಟಿಗೆ, ಬೋರ್ಡಿನದಕ್ಕಲ್ಲ. ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್ ಪರದೆ) ರ‍್ಯಾಮನ್ನು ಪೂರ್ತಿ ವೇಗಕ್ಕೇರಿಸುವ ಎಕ್ಸ್‌ಪೋ ಆನ್ ಮಾಡದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 4800ರಲ್ಲೇ ತೆವಳುತ್ತಿರುತ್ತದೆ.

ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ರ‍್ಯಾಮನ್ನು ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರಿಸುತ್ತದೆ. ಸತ್ತಿದೆ ಎಂದುಕೊಂಡು ಆರಿಸಿದರೆ ಮತ್ತೆ ಮೊದಲಿನಿಂದ. ಹತ್ತು ನಿಮಿಷ ಕಾಯಿರಿ. ಬಯಾಸ್ ಅಪ್‌ಡೇಟ್ ಯುಪಿಎಸ್ ಚಾರ್ಜ್ ಆದ ಮೇಲೆ, ಗಾಳಿ ಮಳೆ ಇಲ್ಲದ ಬೆಳಿಗ್ಗೆ.

ಖರೀದಿಯ ವೇಳೆಯೂ ಮುಖ್ಯ. ಆಫರ್ ಬಂದಂತೆ ಈ ತಿಂಗಳು ಬೋರ್ಡ್, ಮುಂದಿನ ತಿಂಗಳು ಕಾರ್ಡ್ ಎಂದು ಕೂಡಿಟ್ಟರೆ ಜೋಡಿಸುವ ಹೊತ್ತಿಗೆ ಬೋರ್ಡಿನ ಬದಲಾವಣೆಯ ಅವಧಿ ಮುಗಿದಿರುತ್ತದೆ, ಸತ್ತ ಬೋರ್ಡ್ ಕೈಯಲ್ಲುಳಿಯುತ್ತದೆ. ದುಡ್ಡು ಪೂರ್ತಿ ಕೂಡಿದ ಮೇಲೆ ಎಲ್ಲವನ್ನೂ ಒಂದೇ ವಾರದಲ್ಲಿ ತರಿಸಿ, ನಿಮ್ಮ ಹೆಸರಿನ ಜಿಎಸ್‌ಟಿ ಬಿಲ್ ಸಮೇತ, ಬಂದ ಎರಡು ದಿನದೊಳಗೆ ಜೋಡಿಸಿ ಗೇಮ್ ಹಾಕಿ ಮೂರ್ನಾಲ್ಕು ಗಂಟೆ ಓಡಿಸಿ.