ಫ್ಲೆಕ್ಸ್ ಆಮೇಲೆ, ಮೊದಲು ಮಗುವಿಗೆ ಹೇಳಿ

ಸರ್ಕಾರಿ ಶಾಲೆಯ ಮಗು ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಊರಿಗೆಲ್ಲ ಖುಷಿ. ವಾಟ್ಸಾಪ್ ಗ್ರೂಪಿಗೆ ಫೋಟೊ ಬರುತ್ತದೆ. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಗೇಟಿನ ಪಕ್ಕ ಫ್ಲೆಕ್ಸ್ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಇನ್ನು ಮುಂದೆ ಏನು ಮಾಡಬೇಕು ಅಂತ ಆ ಮಗುವನ್ನು ಕೂರಿಸಿಕೊಂಡು ಯಾರಾದರೂ ಹೇಳಿದ್ದಾರಾ? ಪ್ರೌಢಶಾಲೆಯಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವ ನಾನು ಮೊದಲು ಕೇಳುವುದು ಇದನ್ನೇ.

ಎನ್‌ಎಂಎಂಎಸ್ ಅನ್ನೇ ತೆಗೆದುಕೊಳ್ಳಿ. ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್ ಅಂತ ಪೂರ್ತಿ ಹೆಸರು; ಬಡ ಮನೆಯ ಪ್ರತಿಭಾವಂತ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ಯೋಜನೆ ಇದು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ, ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರದ ಮಕ್ಕಳು 8ನೇ ತರಗತಿಯಲ್ಲಿ ಪರೀಕ್ಷೆ ಬರೆಯುತ್ತಾರೆ. ಆಯ್ಕೆಯಾದವರಿಗೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಅದೇನು ಸಣ್ಣ ದುಡ್ಡಲ್ಲ. ಮಗಳನ್ನು ಪಿಯುಸಿಗೆ ಕಳಿಸೋಣವೇ ಬೇಡವೇ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಈ ದುಡ್ಡಿನ ಮೇಲೆಯೇ ನಿಂತಿರುತ್ತದೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಮಗು 9ನೇ ತರಗತಿಗೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆ, ಆಮೇಲೆ ಜಿಲ್ಲೆಯ ನೋಡಲ್ ಅಧಿಕಾರಿ ಪರಿಶೀಲಿಸಬೇಕು. ಎಲ್ಲಕ್ಕೂ ಕೊನೆಯ ದಿನಾಂಕ ಇರುತ್ತದೆ. ದಿನಾಂಕ ಮುಗಿದ ಮೇಲೆ ಎಷ್ಟು ಒಳ್ಳೆಯ ಅಂಕ ಇದ್ದರೂ ಪೋರ್ಟಲ್ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಆಯ್ಕೆಯ ಸುದ್ದಿಯನ್ನು ಶಾಲೆಗಳು ಅಭಿನಂದನೆ ಅಂತಷ್ಟೇ ನೋಡಬಾರದು. ಅದು ಗಡುವು ಇರುವ ನೋಟಿಸ್ ಕೂಡ.

ಸುದ್ದಿ ತಪ್ಪಿಹೋಗುವುದು ಎಲ್ಲಿ ಅಂತ ಗಮನಿಸಿದ್ದೇನೆ. ಶಾಲೆ ಬದಲಾಗುವಾಗ. 8ನೇ ತರಗತಿಯನ್ನು ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಮುಗಿಸುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಪರೀಕ್ಷೆ ಬರೆದ ಶಾಲೆ ಒಂದು, ಅರ್ಜಿ ಹಾಕಬೇಕಾದ ಶಾಲೆ ಇನ್ನೊಂದು. ಪಟ್ಟಿ ಬರುವುದು ಹಳೆಯ ಶಾಲೆಗೆ. ಅಷ್ಟೊತ್ತಿಗೆ ಮಗು ಟಿಸಿ ತೆಗೆದುಕೊಂಡು ಹೋಗಿರುತ್ತದೆ, ಇಲ್ಲವೇ ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಲ್ಲಿರುತ್ತದೆ. ಹೊಸ ಶಾಲೆಯವರು ಹೇಳುತ್ತಾರೆ ಅಂತ ಹಳೆಯ ಶಾಲೆಯವರು ಅಂದುಕೊಳ್ಳುತ್ತಾರೆ. ಹೊಸ ಶಾಲೆಯವರಿಗೆ ಈ ಮಗು ಆಯ್ಕೆಯಾದ ವಿಷಯವೇ ಗೊತ್ತಿರುವುದಿಲ್ಲ.

ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಡ. ಪಟ್ಟಿ ಬಂದ ದಿನವೇ ಹಳೆಯ ಶಾಲೆಯ ಮುಖ್ಯಶಿಕ್ಷಕರು ಎರಡು ಫೋನ್ ಮಾಡಬೇಕು. ಒಂದು ಮನೆಗೆ, ಇನ್ನೊಂದು ಹೊಸ ಶಾಲೆಗೆ. ಮನೆಯ ಫೋನ್ ತಾಗದಿದ್ದರೆ ಅಕ್ಕಪಕ್ಕದ ಮನೆಯ ಮಗುವಿನ ಕೈಯಲ್ಲಿ ಹೇಳಿ ಕಳಿಸಬೇಕು. ಗ್ರೂಪಿಗೆ ಹಾಕಿದ್ದೇವಲ್ಲ ಅಂದರೆ ಸಾಲದು. ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ರೀಚಾರ್ಜ್ ಮುಗಿದಿರುತ್ತದೆ. ಇನ್ನೂರು ಮೆಸೇಜುಗಳ ನಡುವೆ ಪಿಡಿಎಫ್ ತೆರೆದು ಮಗಳ ಹೆಸರು ಹುಡುಕುವಷ್ಟು ಪುರುಸೊತ್ತು ಆ ತಾಯಿಗೆ ಎಲ್ಲಿರುತ್ತದೆ?

ನಾನು ಈಗ ಮಗುವಿನ ಕೈಗೆ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಹೀಗಿರುತ್ತದೆ:

"ನೀನು ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದೀಯ. ತುಂಬಾ ಸಂತೋಷ. ವರ್ಷಕ್ಕೆ 12,000 ರೂಪಾಯಿ ನಿನ್ನ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆ. ಶುಕ್ರವಾರದೊಳಗೆ ಆಧಾರ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ತೆಗೆದುಕೊಂಡು ಅಮ್ಮ ಅಥವಾ ಅಪ್ಪನ ಜೊತೆ ಬಾ. ಓಟಿಪಿ ಬರುವ ಫೋನ್ ತರುವುದನ್ನು ಮರೆಯಬೇಡ. ಗೊತ್ತಾಗದಿದ್ದರೆ ನನ್ನನ್ನು ಕೇಳು."

ಕೆಳಗೆ ನನ್ನ ಹೆಸರು, ನಂಬರ್. ಏನು ಸಿಕ್ಕಿತು, ಏನು ತರಬೇಕು, ಯಾವಾಗ, ಯಾರನ್ನು ಕೇಳಬೇಕು, ಇಷ್ಟು ಇದ್ದರೆ ಸಾಕು. ಇಲಾಖೆಯ ಸುತ್ತೋಲೆಯನ್ನೇ ಝೆರಾಕ್ಸ್ ಮಾಡಿ ಕೊಟ್ಟರೆ ಅದು ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಚೀಟಿಯನ್ನು ಮಕ್ಕಳು ಮಡಚಿ ಜ್ಯಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ಚೀಟಿ ಬೇಗ ಕೊಡಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಇರುವುದೇ ಇಲ್ಲ, ಪಾಸ್‌ಬುಕ್ಕಿನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಇವನ್ನು ಸರಿ ಮಾಡಿಸಲು ಆಧಾರ್ ಕೇಂದ್ರಕ್ಕೆ, ಬ್ಯಾಂಕಿಗೆ ಅಲೆಯಬೇಕು. ದಿನಗೂಲಿಯವರಿಗೆ ಒಂದೊಂದು ಓಡಾಟವೂ ಒಂದು ದಿನದ ಸಂಬಳ. ಕೊನೆಯ ವಾರದಲ್ಲಿ ಹೇಳಿದರೆ ಪಾಪ, ಅವರು ಎಲ್ಲಿಗೆ ಅಂತ ಓಡುತ್ತಾರೆ?

ಮುಂದಿನ ಷರತ್ತುಗಳನ್ನೂ ಆವತ್ತೇ ಹೇಳಿಬಿಡಬೇಕು. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 60 ಅಂಕ ಬಂದರೆ ಮಾತ್ರ ಪಿಯುಸಿಗೆ ಮುಂದುವರಿಯುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 55. ಅನುದಾನವಿಲ್ಲದ ಖಾಸಗಿ ಶಾಲೆಗೆ ಹೋದರೆ ನಿಂತುಹೋಗುತ್ತದೆ. ಶಾಲೆ ಬದಲಿಸುವ ಮೊದಲೇ ಇದು ತಂದೆತಾಯಿಗೆ ಗೊತ್ತಿರಬೇಕು, ಅಲ್ವಾ?

ಇನ್‌ಸ್ಪೈರ್ ಮಾನಕ್ ಅಂತ ಮಕ್ಕಳ ಹೊಸ ವಿಜ್ಞಾನ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ ಇದೆ; ಅದರದ್ದು ಬೇರೆ ಥರ. ಅಲ್ಲಿ ಖಾತೆಗೆ 10,000 ರೂಪಾಯಿ ಬರುತ್ತದೆ, ಆದರೆ ಅದು ಮಗು ತನ್ನ ಐಡಿಯಾದ ಮಾದರಿ ಮಾಡಿ ಜಿಲ್ಲಾ ಪ್ರದರ್ಶನಕ್ಕೆ ತರಲಿಕ್ಕೆ. ಬಹುಮಾನದ ದುಡ್ಡು ಬಂತು ಅಂತಷ್ಟೇ ಹೇಳಿದರೆ ಅದು ಮನೆ ಖರ್ಚಿಗೆ ಹೋಗಿಬಿಡುತ್ತದೆ. ತಪ್ಪು ಮನೆಯವರದಲ್ಲ.

ಇನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರದ ಪ್ರತಿಭಾ ಪುರಸ್ಕಾರಗಳು. ಸಮುದಾಯದ ಸಂಘಗಳು, ಪತ್ತಿನ ಸಹಕಾರ ಸಂಘಗಳು ಪೇಪರಿನಲ್ಲಿ ಅರ್ಜಿ ಕರೆಯುತ್ತವೆ. ಅಂಕಪಟ್ಟಿಯ ನಕಲು, ಫೋಟೊ, ಇಂಥ ತಾರೀಕಿನೊಳಗೆ ಅಂತ ಇರುತ್ತದೆ. ಸನ್ಮಾನಕ್ಕೂ ಮಗುವೇ ಅರ್ಜಿ ಹಾಕಬೇಕು. ಪೇಪರ್ ತರಿಸುವ ಮನೆಯ ಮಕ್ಕಳಿಗೆ ಗೊತ್ತಾಗುತ್ತದೆ, ಉಳಿದವರಿಗೆ ಇಲ್ಲ. ಅಂಥ ಪ್ರಕಟಣೆಗಳನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಹಚ್ಚಿದರೆ ಅಂಕಪಟ್ಟಿ ಒಯ್ಯಲು ಬಂದ ಮಕ್ಕಳು ಓದಿಕೊಳ್ಳುತ್ತಾರೆ.

ಬೋರ್ಡಿಗೆ ಹಚ್ಚಬಾರದ್ದೂ ಇದೆ. ಕಚೇರಿಯಿಂದ ಬರುವ ಪಟ್ಟಿಯಲ್ಲಿ ಮಗುವಿನ ಜಾತಿ, ಫೋನ್ ನಂಬರ್ ಎಲ್ಲ ಇರಬಹುದು. ಅದನ್ನು ಹಾಗೇ ಅಂಟಿಸುವುದು, ಗ್ರೂಪಿಗೆ ದೂಡುವುದು ನನಗೆ ಒಪ್ಪಿಗೆಯಿಲ್ಲ. ಹೆಸರು, ತರಗತಿ, ಪ್ರಶಸ್ತಿ ಸಾಕು. ನಂಬರ್ ಹೊರಬಿದ್ದರೆ ವಿದ್ಯಾರ್ಥಿವೇತನ ಕೊಡಿಸುತ್ತೇವೆ, ಓಟಿಪಿ ಹೇಳಿ ಅಂತ ಕೇಳುವ ಮೋಸಗಾರರಿಗೆ ಅದೇ ದಾರಿ. ನಿಜವಾದ ಕರೆ ಯಾವುದು ಅಂತ ಮನೆಯವರಿಗೆ ತಿಳಿಯಬೇಕಾದರೆ ಶಾಲೆಯ ಮಾತು ಮೊದಲು ಅವರ ಕಿವಿಗೆ ಬಿದ್ದಿರಬೇಕು.

ಪ್ರಾರ್ಥನೆ ವೇಳೆಯಲ್ಲಿ ಹೆಸರು ಕೂಗುವ ಮೊದಲು ಪರೀಕ್ಷೆ ಬರೆದ ಎಲ್ಲ ಮಕ್ಕಳನ್ನೂ ಒಂದು ಕಡೆ ಕರೆದು ಫಲಿತಾಂಶ ಹೇಳಿ. ಆಯ್ಕೆಯಾಗದವರಿಗೆ ಅವರವರ ಅಂಕ ತೋರಿಸಿ. ಸ್ವಲ್ಪದರಲ್ಲಿ ತಪ್ಪಿದ ಮಗುವಿಗೆ ಅದು ಗೊತ್ತಾಗಬೇಕು. ಅದೇ ಕೂಟದಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿರುವ ವಿದ್ಯಾರ್ಥಿವೇತನಗಳಲ್ಲಿ ಅವರಿಗೆ ಯಾವುದು ಸಿಗಬಹುದು ಅಂತ ನೋಡಿ, ಬೇಕಾದ ದಾಖಲೆ ಬರೆಸಿ ಕಳಿಸಿ.