ಮಡಿಕೇರಿಯ ನಡೆದಾಡುವ ಬೆಳಕು

ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಯಲ್ಲಿ, ದಸರಾ ಮೆರವಣಿಗೆಯ ಮಂಟಪದ ಮೇಲೆ, ಅಸುರನೊಬ್ಬ ಗದೆ ಎತ್ತುತ್ತಾನೆ, ಇಳಿಸುತ್ತಾನೆ. ಇಂಥ ಬೊಂಬೆಯ ಹೆಗಲೊಳಗೆ ಕೂರಿಸಲು ಗುಜರಿಯಲ್ಲಿ ಸಿಗುವ, ಕಾರಿನ ಗಾಜು ಒರೆಸುವ ವೈಪರ್ ಮೋಟರ್‌ಗಿಂತ ಒಳ್ಳೆಯ ಸಾಮಾನಿಲ್ಲ. 12 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 45ರಿಂದ 65 ಸುತ್ತು ತಿರುಗುತ್ತದೆ. ಒಳಗಿರುವುದು ತಿರುಪಿನಾಕಾರದ ವರ್ಮ್ ಗೇರ್, ಹೊರಗಿನ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು, ಹಾಗಾಗಿ ಕರೆಂಟು ಹೋದರೂ ಎತ್ತಿದ ಕೈ ದೊಪ್ಪನೆ ಬೀಳುವುದಿಲ್ಲ. ಮೋಟರಿಗೆ 5 ಸೆಂ.ಮೀ. ಕ್ರ್ಯಾಂಕ್, ಅಂದರೆ ಸುತ್ತುವ ತೋಳು, ಹಾಕಿ, ಅದರ ಸಲಾಕೆಯನ್ನು ಹೆಗಲ ಕೀಲಿನಿಂದ 10 ಸೆಂ.ಮೀ. ದೂರದಲ್ಲಿ ಜೋಡಿಸಿದರೆ ಕೈ ಸುಮಾರು 60 ಡಿಗ್ರಿ ಆಡುತ್ತದೆ. ಹೆಚ್ಚು ಆಡಲಿ ಎಂದು ಸಲಾಕೆಯನ್ನು ಕೀಲಿನ ಹತ್ತಿರ ಹತ್ತಿರ ತಂದರೆ ಒಂದು ಹಂತದಲ್ಲಿ ಎಲ್ಲವೂ ಒಂದೇ ಗೆರೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಮೋಟರ್ ಗುರ್ರೆನ್ನುತ್ತದೆ, ಫ್ಯೂಸ್ ಹೋಗುತ್ತದೆ.

ಇನ್ನೊಂದು ತೊಂದರೆ ವೇಗದ್ದು. ನಿಮಿಷಕ್ಕೆ 45 ಸಲ ಕೈ ಎತ್ತುವ ಅಸುರ ಬೀಸಣಿಗೆ ಬೀಸಿದ ಹಾಗೆ ಕಾಣುತ್ತಾನೆ. ವೋಲ್ಟೇಜ್ ಇಳಿಸಿದರೆ ವೇಗದ ಜೊತೆ ಬಲವೂ ಇಳಿಯುತ್ತದೆ, ಗದೆ ಅರ್ಧಕ್ಕೇ ನಿಲ್ಲುತ್ತದೆ. ಸರಿಯಾದ ದಾರಿ ಸೈಕಲ್ ಚೈನು. 11 ಹಲ್ಲಿನ ಚಕ್ರದಿಂದ 44 ಹಲ್ಲಿನದಕ್ಕೆ ಕೊಟ್ಟರೆ ವೇಗ ಕಾಲು ಭಾಗವಾಗುತ್ತದೆ, ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆಗ ಅಸುರನಿಗೆ ತೂಕ ಬರುತ್ತದೆ.

ಗ್ಯಾಲರಿಗಳಲ್ಲಿ ಇಂಥದ್ದನ್ನು ಕೈನೆಟಿಕ್ ಲೈಟ್ ಆರ್ಟ್ ಎನ್ನುತ್ತಾರೆ. ಚಲಿಸುವ ವಸ್ತು, ಅದರ ಮೇಲೆ ಬದಲಾಗುವ ಬೆಳಕು, ನೋಡುವವನ ಸುತ್ತ ಕತ್ತಲೆ. ಮಡಿಕೇರಿಯಲ್ಲಿ ಮಂಟಪ ಎಂದರೆ ಸಾಕು.

ಮಡಿಕೇರಿ ದಸರೆಯ ಮೂಲವನ್ನು ಜನ ಕೊಡಗನ್ನಾಳಿದ ಹಾಲೇರಿ ಅರಸರ ಕಾಲಕ್ಕೆ ಒಯ್ಯುತ್ತಾರೆ. ಊರಿಗೆ ರೋಗ ಬಡಿದಾಗ ಮಾರಿಯಮ್ಮನಿಗೆ ಹರಕೆ ಹೊತ್ತ ಕತೆ ಅದು. ಇವತ್ತಿಗೂ ಹಬ್ಬ ಶುರುವಾಗುವುದು ನಾಲ್ಕು ಶಕ್ತಿದೇವತೆಗಳ ಕರಗದಿಂದ: ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ. ಮುಗಿಯುವುದು ಹತ್ತು ದೇವಸ್ಥಾನಗಳ ದಶಮಂಟಪದಿಂದ. ಒಂದೊಂದು ಮಂಟಪವೂ ಪುರಾಣದ ಒಂದು ಪ್ರಸಂಗ ಹಿಡಿದು, ಟ್ರ್ಯಾಕ್ಟರ್ ಮೇಲೆ ಬೊಂಬೆ, ಬೆಳಕು, ಹೊಗೆ, ಸದ್ದು ಹೊತ್ತು ರಾತ್ರಿಯಿಡೀ ಸಾಗುತ್ತದೆ. ತೀರ್ಪುಗಾರರಿದ್ದಾರೆ, ಬಹುಮಾನವಿದೆ, ವರ್ಷಪೂರ್ತಿ ಮುಗಿಯದ ವಾದವೂ ಇದೆ.

ಮೈಸೂರಿನ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಕಟ್ಟಡದ ಗೆರೆ ಬರೆದು ಸುಮ್ಮನೆ ನಿಲ್ಲುತ್ತವೆ. ಇಲ್ಲಿ ಬೆಳಕು ಏರು ಹತ್ತಬೇಕು, ತಿರುವು ತಿರುಗಬೇಕು, ಮಳೆ ತಡೆಯಬೇಕು. ಕೊಡಗಿನ ಮಂಟಪದ ಕಲೆ ರೂಪುಗೊಂಡದ್ದು ಈ ಮೂರು ಕಾಟಗಳಿಂದಲೇ ಹೊರತು ಯಾವ ಕಲಾಪಂಥದಿಂದಲೂ ಅಲ್ಲ.

ಪಂಥದವರ ಕತೆಯನ್ನೂ ಹೇಳಬೇಕು, ಏಕೆಂದರೆ ಅವರು ಎದುರಿಸಿದ ಪ್ರಶ್ನೆಯೂ ಇದೇ. ರಷ್ಯಾದ ಶಿಲ್ಪಿ ನೌಮ್ ಗಾಬೋ 1920ರ ಹೊತ್ತಿಗೆ ಒಂದೇ ಒಂದು ಲೋಹದ ಕಡ್ಡಿಯನ್ನು ಮೋಟರಿನಿಂದ ಕಂಪಿಸಿ, ಗಾಳಿಯಲ್ಲಿ ನಿಂತ ಅಲೆಯ ಆಕಾರ ತೋರಿಸಿದ. ಡೆನ್ಮಾರ್ಕ್ ಮೂಲದ ಕಲಾವಿದ ಥಾಮಸ್ ವಿಲ್ಫ್ರೆಡ್ 1922ರಲ್ಲಿ ನ್ಯೂಯಾರ್ಕಿನಲ್ಲಿ ಕ್ಲಾವಿಲಕ್ಸ್ ಎಂಬ ಯಂತ್ರದಿಂದ ಪರದೆಯ ಮೇಲೆ ಬಣ್ಣ ಹರಿಸಿದ. ಸಂಗೀತವಿಲ್ಲ, ಬರೀ ಬೆಳಕು. ಹಂಗೇರಿಯ ಕಲಾವಿದ ಮೊಹೊಲಿ-ನಾಜ್ 1930ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಯಂತ್ರದಲ್ಲಿ ತೂತು ಕೊರೆದ ಲೋಹದ ತಟ್ಟೆಗಳು ತಿರುಗುತ್ತಿದ್ದವು, ಬಲ್ಬುಗಳು ಹತ್ತಿ ಆರುತ್ತಿದ್ದವು. ನೋಡಬೇಕಾದದ್ದು ಯಂತ್ರವನ್ನಲ್ಲ, ಗೋಡೆಯ ಮೇಲೆ ಓಡಾಡುವ ನೆರಳನ್ನು. ಇದನ್ನು ಮಂಟಪದ ಸಮಿತಿಗಳು ಇನ್ನಷ್ಟು ಬಳಸಿಕೊಳ್ಳಬಹುದಿತ್ತು ಅನ್ನಿಸುತ್ತದೆ. ಬೀದಿಯ ಎರಡೂ ಕಡೆ ಅಷ್ಟೊಂದು ಗೋಡೆಗಳಿವೆ! 1956ರಲ್ಲಿ ಶಿಲ್ಪಿ ನಿಕೋಲಸ್ ಶಾಫರ್ ಫಿಲಿಪ್ಸ್ ಕಂಪನಿಯ ಎಲೆಕ್ಟ್ರಾನಿಕ್ಸ್ ಸಹಾಯದಿಂದ, ಬೆಳಕು ಮತ್ತು ಸದ್ದಿಗೆ ತಾನೇ ಸ್ಪಂದಿಸಿ ಚಲಿಸುವ ಶಿಲ್ಪ ಮಾಡಿದ. ಅಲ್ಲಿಂದಾಚೆ ಕಲಾವಿದನ ಪಕ್ಕದಲ್ಲಿ ಎಂಜಿನಿಯರ್ ಕೂರುವುದು ರೂಢಿಯಾಯಿತು.

ನಮ್ಮ ಕಡೆ ಆ ಎಂಜಿನಿಯರ್ ಎಂದರೆ ಸೀರಿಯಲ್ ಸೆಟ್ ಕಟ್ಟುವವನು. 6 ವೋಲ್ಟಿನ ಸಣ್ಣ ಬಲ್ಬುಗಳನ್ನು 38ರಿಂದ 40ರವರೆಗೆ ಸಾಲಾಗಿ ಕಟ್ಟಿದರೆ 230 ವೋಲ್ಟಿಗೆ ಸರಿಹೋಗುತ್ತದೆ. ಒಂದು ಸುಟ್ಟರೆ ಇಡೀ ಸಾಲು ಕತ್ತಲೆ. ಓಡುವ ಬೆಳಕಿಗೆ ಬೇಕಾದದ್ದು ಮರದ ಉರುಳೆ. ಅದರ ಮೇಲೆ ಓರೆಯಾಗಿ ಹೊಡೆದ ತಾಮ್ರದ ಪಟ್ಟಿ, ಪಟ್ಟಿಯನ್ನು ಸವರುವ ಹಿತ್ತಾಳೆಯ ನಾಲಿಗೆಗಳು, ಉರುಳೆ ತಿರುಗಿಸಲು ಒಂದು ಮೋಟರ್. ಪಟ್ಟಿಯ ಆಕಾರವೇ ಪ್ರೋಗ್ರಾಂ. ಚಕ್ರ ತಿರುಗುವುದು, ನೀರು ಬೀಳುವುದು, ನವಿಲು ಗರಿ ಬಿಚ್ಚುವುದು ಎಲ್ಲವನ್ನೂ ಕತ್ತರಿ ಹಿಡಿದು ತಾಮ್ರದಲ್ಲಿ ಬರೆಯಬೇಕು. ನಾಲಿಗೆ ಪಟ್ಟಿಯಿಂದ ಬಿಡುವಾಗೆಲ್ಲ ಕಿಡಿ ಹಾರಿ ತಾಮ್ರ ಕಪ್ಪಾಗುತ್ತದೆ. ಕಪ್ಪಾದ ಕಡೆ ಬಿಸಿಯಾಗಿ ಮರವೂ ಕರಕಲಾಗುತ್ತದೆ. ಕರಕಲು ಮರಕ್ಕೆ ತೇವ ತಗಲಿದರೆ ಅದೇ ಕರೆಂಟು ಒಯ್ಯತೊಡಗುತ್ತದೆ, ಹತ್ತಬಾರದ ಸಾಲು ಮಂಕಾಗಿ ಹತ್ತುತ್ತದೆ.

1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ತಂದ ಮೇಲೆ ಕೆಂಪು, ಹಸಿರಿನ ಜೊತೆ ನೀಲಿ ಸೇರಿ ಬೇಕಾದ ಬಣ್ಣವೆಲ್ಲ ಸಿಕ್ಕಿತು. ಆ ಸಾಧನೆಗೆ 2014ರಲ್ಲಿ ಅವರಿಗೂ ಅಕಾಸಾಕಿ, ಅಮಾನೊ ಅವರಿಗೂ ನೊಬೆಲ್ ಬಂತು. ಈಗ ಪ್ರತಿ ದೀಪದೊಳಗೂ ಚಿಪ್ ಇರುವ ಡಬ್ಲ್ಯುಎಸ್2812 ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಮೀಟರಿಗೆ 60 ದೀಪ, ಒಂದು ದೀಪ ಪೂರ್ತಿ ಬಿಳಿ ಉರಿದರೆ ಸುಮಾರು 60 ಮಿಲಿಆಂಪಿಯರ್. 5 ಮೀಟರಿಗೆ 300 ದೀಪ, ಅಂದರೆ 18 ಆಂಪಿಯರ್, 90 ವ್ಯಾಟ್. ಇಲ್ಲೇ ಎಲ್ಲರೂ ಎಡವುವುದು. 5 ವೋಲ್ಟಿನಲ್ಲಿ ಅಷ್ಟು ಕರೆಂಟು ತೆಳುವಾದ ತಾಮ್ರದಲ್ಲಿ ಸಾಗುವಾಗ ವೋಲ್ಟೇಜ್ ಬಿದ್ದು, ಶುರುವಿನಲ್ಲಿ ಬಿಳಿಯಿದ್ದದ್ದು ತುದಿಯಲ್ಲಿ ಕೆಂಪು ಹಳದಿಯಾಗುತ್ತದೆ. ಕಡಿಮೆ ವೋಲ್ಟಿಗೆ ಮೊದಲು ಸೋಲುವುದು ನೀಲಿ. ಎರಡೂವರೆ ಮೀಟರಿಗೊಮ್ಮೆ ದಪ್ಪ ತಂತಿಯಿಂದ ಕರೆಂಟು ಕೊಡಬೇಕು. ಪಟ್ಟಿಯ ಬಾಯಲ್ಲಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಸಿಗ್ನಲ್ ತಂತಿಗೆ 330ರಿಂದ 470 ಓಮ್ ರೆಸಿಸ್ಟರ್. ಇಎಸ್‌ಪಿ32 ಎಂಬ, ದೀಪಗಳನ್ನು ಆಡಿಸುವ ಪುಟ್ಟ ಕಂಪ್ಯೂಟರ್ ಹೊರಡಿಸುವುದು 3.3 ವೋಲ್ಟ್ ಸಿಗ್ನಲ್, ಪಟ್ಟಿ ಕೇಳುವುದು 5. ಮೇಜಿನ ಮೇಲೆ ಹೇಗೋ ನಡೆದದ್ದು ಜನರೇಟರ್ ಪಕ್ಕ ಬಂದಾಗ ಹುಚ್ಚುಹುಚ್ಚಾಗಿ ಮಿನುಗುತ್ತದೆ. ನಡುವೆ ಸಿಗ್ನಲನ್ನು 5 ವೋಲ್ಟಿಗೆ ಏರಿಸುವ ಒಂದು 74ಎಚ್‌ಸಿಟಿ245 ಚಿಪ್ ಹಾಕಿದರೆ ತೀರಿತು.

ತೇವದ ವಿಚಾರಕ್ಕೆ ಬಂದರೆ, ದಸರೆಯ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತಿದ್ದರೂ ಮಡಿಕೇರಿಯ ಮಂಜು, ತುಂತುರು ಬಿಡುವುದಿಲ್ಲ. ಸಿಲಿಕೋನ್ ಕೊಳವೆಯೊಳಗಿನ ಪಟ್ಟಿಗೆ ನೀರು ಮೇಲಿನಿಂದ ನುಗ್ಗುವುದಿಲ್ಲ, ಕತ್ತರಿಸಿದ ತುದಿಯಿಂದ ಒಳಗೆ ಹೀರಿಕೊಳ್ಳುತ್ತದೆ. ತುದಿ ಮುಚ್ಚಲು ವಿನೆಗರ್ ವಾಸನೆಯ ಸಿಲಿಕೋನ್ ತರಬೇಡಿ. ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿಂದು ಹಸಿರು ಪುಡಿ ಮಾಡುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ಪೆಟ್ಟಿಗೆಗಳಿಗೆ ತಂತಿ ಕೆಳಗಿನಿಂದಲೇ ಒಳಹೋಗಲಿ, ಹೋಗುವ ಮೊದಲು ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಪೆಟ್ಟಿಗೆಯ ತಳದಲ್ಲಿ 4 ಮಿ.ಮೀ. ತೂತು ಇರಲಿ. ಪೂರ್ತಿ ಮುಚ್ಚಿದ ಪೆಟ್ಟಿಗೆ ರಾತ್ರಿ ತಣಿದಾಗ ಒಳಗೇ ಬೆವರುತ್ತದೆ.

ಏರಿನ ಲೆಕ್ಕ ಇನ್ನೂ ಗಂಭೀರ. ಬೊಂಬೆಯ ಭಾರದ ನಡುವು 4 ಮೀಟರ್ ಎತ್ತರದಲ್ಲಿದ್ದು ರಸ್ತೆ ಪಕ್ಕಕ್ಕೆ 10 ಡಿಗ್ರಿ ವಾಲಿದರೆ ಆ ಭಾರ 70 ಸೆಂ.ಮೀ. ಬದಿಗೆ ಸರಿಯುತ್ತದೆ. ಎರಡು ಮೀಟರ್ ಅಗಲದ ಟ್ರೈಲರ್‌ಗೆ ನಡುವಿನಿಂದ ಅಂಚಿಗೆ ಇರುವುದೇ ಒಂದು ಮೀಟರ್, ಚಕ್ರದ ಅಚ್ಚು ಅದಕ್ಕಿಂತ ಒಳಗೆ. ಆ ಕ್ಷಣದಲ್ಲೇ ಬೊಂಬೆ ಅದೇ ಬದಿಗೆ ಕೈ ಬೀಸಿದರೆ ಉಳಿದ ಅಂತರವೂ ಹೋಯಿತು. ಆದ್ದರಿಂದ ತಿರುವಿನಲ್ಲಿ ಎಲ್ಲ ಚಲನೆ ನಿಲ್ಲಿಸಬೇಕು, ಎತ್ತಿದ್ದನ್ನು ಇಳಿಸಬೇಕು, ಜನರೇಟರ್ ಬೇರೆ ಟ್ರೈಲರ್‌ಗೆ ಹೋಗದಿದ್ದರೆ ತೀರಾ ತಳದಲ್ಲಿರಬೇಕು. ಹೈಡ್ರಾಲಿಕ್ ಜಾಕ್ ಬಳಸುವವರು ಎಣ್ಣೆ ಹಿಂದೆ ಹರಿಯದಂತೆ ತಡೆಯುವ ಕವಾಟವನ್ನು ಸಿಲಿಂಡರಿನ ಬಾಯಿಗೇ ಕೂರಿಸಲಿ. ಪೈಪಿನ ಆ ತುದಿಯಲ್ಲಿ ಹಾಕಿದರೆ, ಪೈಪು ಒಡೆದಾಗ ದೇವರು ಭಕ್ತರ ಮೇಲೇ ಇಳಿಯುತ್ತಾನೆ.

ಈಚೆಗೆ ಲೋಕದ ಕಲಾವಿದರು ಪ್ರಕೃತಿಯ ಕಡೆ ತಿರುಗಿದ್ದಾರೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ 2012ರಲ್ಲಿ ತೂಗುಬಿಟ್ಟ 1,216 ಲೋಹದ ಹನಿಗಳು ಒಂದೊಂದೂ ತನ್ನದೇ ಮೋಟರಿನಿಂದ ಏರಿಳಿಯುತ್ತವೆ. ಡಚ್ಚರ ಸ್ಟುಡಿಯೊ ಡ್ರಿಫ್ಟ್ ರಾತ್ರಿ ಮುಚ್ಚಿ ಹಗಲು ಅರಳುವ ಹೂವನ್ನು ನೋಡಿ, ಬಟ್ಟೆಯ ಹೂಗಳು ಮೇಲಿನಿಂದ ಇಳಿಯುತ್ತಾ ಅರಳುವಂತೆ ಮಾಡಿದೆ. ಆದರೆ ಪ್ರಕೃತಿಯ ಪಾಠ ಕಲಿಯಲು ಕೊಡಗಿನವರು ಅಷ್ಟು ದೂರ ಹೋಗಬೇಕಿಲ್ಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಕಾಫಿ ತೋಟದ ಅಂಚಿನಲ್ಲಿ ನಿಂತರೆ ಸಾಕು. ಮಿಣುಕುಹುಳದ ದೀಪ ಉರಿಯುವುದು ಲೂಸಿಫೆರಿನ್ ಎಂಬ ದ್ರವ್ಯ ಆಮ್ಲಜನಕದ ಜೊತೆ ಸೇರಿದಾಗ. ಶಾಖ ಇಲ್ಲವೆನ್ನುವಷ್ಟು ಕಡಿಮೆ.

ಹುಳಗಳು ಒಂದೇ ತಾಳಕ್ಕೆ ಬರುವುದು ಹೇಗೆ ಎಂಬುದಕ್ಕೆ ಗಣಿತಜ್ಞರಾದ ಮಿರೊಲ್ಲೊ ಮತ್ತು ಸ್ಟ್ರೊಗಾಟ್ಜ್ 1990ರಲ್ಲಿ ಗಣಿತ ಬರೆದರು. ಅದನ್ನು ದೀಪಕ್ಕೆ ಇಳಿಸುವುದು ಸುಲಭ. ಪ್ರತಿ ದೀಪಕ್ಕೂ ಸೊನ್ನೆಯಿಂದ ಒಂದಕ್ಕೆ ಏರುವ ಎಣಿಕೆ ಕೊಡಿ. ಒಂದಾದಾಗ ಮಿನುಗಿ ಮತ್ತೆ ಸೊನ್ನೆ. ಪಕ್ಕದ್ದು ಮಿನುಗಿದ್ದು ಕಂಡರೆ ಎಣಿಕೆ 0.05 ಮುಂದೆ ಜಿಗಿಯಲಿ. ಏರಿಕೆ ಮಾತ್ರ ನೇರ ಗೆರೆಯಾಗಬಾರದು, ಮೊದಲು ಚುರುಕಾಗಿ ಆಮೇಲೆ ನಿಧಾನವಾಗಿ ಬಾಗಬೇಕು. ಸಮತಾಳದ ಗುಟ್ಟು ಆ ಬಾಗಿನಲ್ಲಿದೆ. ದೀಪ ತನ್ನದೇ ಮಿನುಗನ್ನು ಕಂಡು ತಾನೇ ಜಿಗಿಯದಂತೆ, ಆ ಮಿನುಗು ಪೂರ್ತಿ ಆರುವವರೆಗೆ ಕಣ್ಣು ಮುಚ್ಚಿಸಿ. ಹೊತ್ತಿಸಲು 50 ಮಿಲಿಸೆಕೆಂಡ್, ಆರಿಸಲು 300. ಆರುವುದು ನಿಧಾನವಾಗದಿದ್ದರೆ ಹುಳ ಅನ್ನಿಸುವುದಿಲ್ಲ, ಆ್ಯಂಬುಲೆನ್ಸ್ ಅನ್ನಿಸುತ್ತದೆ.

ಇಂಥ ದೀಪಗಳನ್ನು ತೋಟದೊಳಗೆ ಹುಳದ ಕಾಲದಲ್ಲೇ ಹಾಕುವುದು ಮಾತ್ರ ದಡ್ಡತನ. ಗಂಡು ಮಿನುಗುವುದು ಹೆಣ್ಣನ್ನು ಹುಡುಕಲು, ಸುತ್ತ ಹಳದಿ ಹಸಿರು ದೀಪಗಳಿದ್ದರೆ ಹೆಣ್ಣಿನ ಉತ್ತರ ಅದಕ್ಕೆ ಕಾಣುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮುಸ್ಸಂಜೆಯ ನಂತರ ತೋಟದ ದೀಪ ಆರಿಸುವುದೇ ಸರಿ. ದಾರಿಗೆ ಬೇಕೇ ಬೇಕೆಂದರೆ ಮಂದ ಕೆಂಪು, ನೆಲದ ಕಡೆ ಮುಖ ಮಾಡಿ.

ಮಂಜು ಮಾತ್ರ ಇಲ್ಲಿ ಪುಕ್ಕಟೆ ಪರದೆ. ಸಣ್ಣ ಹನಿಗಳಿಗೆ ಬೆಳಕು ಬಡಿದು ಚದುರುವುದರಿಂದ ಕಿರಿದಾದ ಕಿರಣವೂ ಗಾಳಿಯಲ್ಲಿ ಕೋಲಿನ ಹಾಗೆ ಕಾಣುತ್ತದೆ. ಅದು ದಟ್ಟವಾದಾಗ ಬೆಳಕು ಹೆಚ್ಚಿಸಿದರೆ ಎಲ್ಲವೂ ಹಾಲಿನ ಹಾಗೆ ಬೆಳ್ಳಗಾಗಿ ಬೊಂಬೆ ಮಾಯ. ಆಗ ಎದುರಿನ ದೀಪ ಆರಿಸಿ, ಹಿಂದಿನದನ್ನು ಮಾತ್ರ ಅರ್ಧ ಉರಿಸಬೇಕು. ನೆರಳೇ ಮುಂದೆ ಚಾಚಿ ಬರುತ್ತದೆ. ಹೆಚ್ಚಿನ ಮಂಟಪಗಳು ಮಾಡುವುದು ಇದಕ್ಕೆ ಉಲ್ಟಾ. ಎಲ್‌ಇಡಿ ಅಗ್ಗವಾದದ್ದೇ ತಡ, ಇದ್ದಬದ್ದ ಜಾಗಕ್ಕೆಲ್ಲ ಪಟ್ಟಿ ಅಂಟಿಸಿ, ಕೈಯಾಡಿಸುವ ಅಸುರನೇ ಕಾಣದ ಹಾಗಾಗಿದೆ.

ಬನ್ನಿ ಪೂಜೆ ಮುಗಿದು ಬೆಳಗಾದ ಮೇಲೆ ಎಲ್ಲರಿಗೂ ನಿದ್ದೆಯ ಅವಸರ. ಆದರೆ ಒದ್ದೆ ಪಟ್ಟಿಗಳನ್ನು ಹಾಗೇ ಸುತ್ತಿ ಗೋದಾಮಿಗೆ ಎಸೆದರೆ ಮುಂದಿನ ದಸರೆಗೆ ಅರ್ಧವೂ ಹತ್ತುವುದಿಲ್ಲ. ಎರಡು ದಿನ ನೆರಳಲ್ಲಿ ಹರಡಿ ಒಣಗಿಸಿ, ಊಟದ ತಟ್ಟೆಗಿಂತ ಚಿಕ್ಕದಾಗದಂತೆ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬ ಮುಚ್ಚಬೇಕು. ವೈಪರ್ ಮೋಟರಿಗೆ ಗ್ರೀಸ್ ತುಂಬಿ, ಯಾವ ಅಸುರನ ಯಾವ ಕೈಯದು ಎಂದು ಬಣ್ಣದಲ್ಲಿ ಬರೆದಿಡಬೇಕು.